ಮಗಳ ದಿಂಬಿನಡಿಯ ರಕ್ತಪಿಶಾಚಿ

ಹಾಸಿಗೆ ಬಿಸಿಲಿಗೆ ಹಾಕೋಣವೆಂದು ಮಗಳ ದಿಂಬು ಎತ್ತಿದರೆ ಕೆಳಗೆ ಒಂದು ದಪ್ಪ ಪುಸ್ತಕ. ಕಪ್ಪು ರಟ್ಟು, ಅದರ ಮೇಲೆ ಬಿಳಿಚಿಕೊಂಡ ಎರಡು ಕೈಗಳು, ಬೊಗಸೆಯಲ್ಲೊಂದು ಕೆಂಪು ಸೇಬು. ಹೆಸರು ‘ಟ್ವೈಲೈಟ್’. ಅಂದರೆ ಮುಸ್ಸಂಜೆ. ಯಾವುದೋ ಭಾವಗೀತೆಗಳ ಸಂಗ್ರಹವಿರಬೇಕು ಎಂದುಕೊಂಡು ಹಿಂದಿನ ರಟ್ಟು ತಿರುಗಿಸಿದೆ. ಎದೆ ಧಸಕ್ಕೆಂದಿತು. ರಕ್ತ ಹೀರುವ ಪಿಶಾಚಿಯನ್ನು ಪ್ರೀತಿಸಿದ ಹುಡುಗಿಯ ಕಥೆಯಂತೆ!

ಸಂಜೆ ಕಾಲೇಜಿನಿಂದ ಬಂದವಳ ಮುಂದೆ ಅದನ್ನು ಹಿಡಿದೆ. “ಪರೀಕ್ಷೆ ಹತ್ತಿರ ಬಂತು. ಇದೇನೇ ಇದು?”

ಅವಳೇನೂ ಬೆದರಲಿಲ್ಲ. “ಓದಿ ನೋಡಮ್ಮ, ಆಮೇಲೆ ಬೈ” ಎಂದವಳೇ ಕಾಫಿ ಲೋಟ ಹಿಡಿದು ಒಳಗೆ ನಡೆದಳು.

ಬೈಯಲು ನನಗೂ ಬಾಯಿಲ್ಲ ಅನ್ನಿ. ನಮ್ಮಮ್ಮ ತ್ರಿವೇಣಿಯವರ ‘ಶರಪಂಜರ’ವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದಿದವರು. ನಾನು ಯಂಡಮೂರಿಯವರ ‘ತುಳಸಿದಳ’ವನ್ನು ಭೂಗೋಳದ ಪುಸ್ತಕದೊಳಗೆ ಸೇರಿಸಿ ಓದಿ, ರಾತ್ರಿ ಬಚ್ಚಲಿಗೆ ಹೋಗಲು ಅಮ್ಮನನ್ನು ಎಬ್ಬಿಸಿದವಳು. ಮೂರನೆಯ ತಲೆಮಾರು ದಿಂಬಿನ ಕೆಳಗೆ ಇಟ್ಟುಕೊಂಡರೆ ಏನು ಮಹಾ? ಹೀಗೆಂದು ಸಮಾಧಾನ ಮಾಡಿಕೊಂಡು, ಮಧ್ಯಾಹ್ನ ಅಡುಗೆಮನೆ ಒರೆಸಿದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ಓದಲು ಕುಳಿತೆ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು. ಮಗಳ ನಿಘಂಟು ಪಕ್ಕದಲ್ಲಿಟ್ಟುಕೊಂಡೆ. ಹತ್ತು ಪುಟ ದಾಟಿದ ಮೇಲೆ ನಿಘಂಟು ಮರೆತೇ ಹೋಯಿತು. ಒಂದು ದಿನ ಸಾರು ತಳ ಹಿಡಿಯಿತು. ಇಷ್ಟು ಹೇಳಿದರೆ ಪುಸ್ತಕ ಹೇಗಿದೆ ಎಂಬುದು ನಿಮಗೆ ಅರ್ಥವಾಗಬೇಕು.

ಕಥೆ ಇಷ್ಟೇ. ಹದಿನೇಳರ ಬೆಲ್ಲಾ ಸ್ವಾನ್ ಎಂಬ ಹುಡುಗಿ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಅಮ್ಮ ಮರುಮದುವೆಯಾಗಿ, ಹೊಸ ಗಂಡನ ಜೊತೆ ಊರೂರು ಸುತ್ತಲು ಅನುಕೂಲವಾಗಲೆಂದು ಮಗಳು ತಾನೇ ಹೊರಟು ಅಪ್ಪನ ಊರಿಗೆ ಬರುತ್ತಾಳೆ. ಊರಿನ ಹೆಸರು ಫೋರ್ಕ್ಸ್, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದೆ. ಮೂರು ಸಾವಿರ ಚಿಲ್ಲರೆ ಜನರ ಈ ಊರು ನಿಜವಾಗಿಯೂ ಇದೆ. ವರ್ಷಕ್ಕೆ ನೂರು ಇಂಚಿಗೂ ಹೆಚ್ಚು ಮಳೆಯಂತೆ, ಬೆಲ್ಲಾಳಿಗೆ ಆ ಮಳೆ, ಆ ಹಸಿರು ಕಂಡರೇ ಆಗದು. ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಇದು ಓದಿ ನಗು ಬರುತ್ತದೆ. ಆಗುಂಬೆಯಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಸುರಿಯುತ್ತದೆ, ನಾವೇನು ಪಿಶಾಚಿಗಳನ್ನು ಸಾಕಿಕೊಂಡಿದ್ದೇವೆಯೇ?

ಅಲ್ಲಿ ಪಿಶಾಚಿಗಳು ನೆಲೆಸಿರುವುದೇ ಆ ಮೋಡದ ಕಾರಣಕ್ಕೆ. ಈ ಕಾದಂಬರಿಯ ರಕ್ತಪಿಶಾಚಿ ಬಿಸಿಲಿಗೆ ಬಿದ್ದರೆ ಸುಟ್ಟು ಬೂದಿಯಾಗುವುದಿಲ್ಲ, ಮೈಯೆಲ್ಲ ವಜ್ರದ ಹರಳಿನ ಹಾಗೆ ಹೊಳೆಯುತ್ತದೆ. ಜನರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೇ ಬಿಸಿಲಿಲ್ಲದ ಊರು ಹುಡುಕಿಕೊಂಡಿವೆ. ಶಾಲೆಯಲ್ಲಿ ಬೆಲ್ಲಾಳ ಪಕ್ಕದಲ್ಲಿ ಕೂರುವ ಎಡ್ವರ್ಡ್ ಕಲೆನ್ ನೋಡಲು ಹದಿನೇಳರ ಚೆಲುವ. ನಿಜಕ್ಕೂ ಅವನು 1918ರಲ್ಲಿ ಷಿಕಾಗೋದಲ್ಲಿ ಇನ್‌ಫ್ಲುಯೆಂಜಾ ಬಂದು ಸಾಯುವುದರಲ್ಲಿದ್ದವನು. ನಮ್ಮ ದೇಶದಲ್ಲೂ ಊರಿಗೆ ಊರೇ ಬರಿದು ಮಾಡಿತಲ್ಲ, ಅದೇ ಜ್ವರ. ಒಬ್ಬ ವೈದ್ಯ ಅವನನ್ನು ಕಚ್ಚಿ ತನ್ನಂತೆಯೇ ಪಿಶಾಚಿಯಾಗಿ ಉಳಿಸಿಕೊಂಡ. ಅಂದರೆ ಹುಡುಗನಿಗೆ ನೂರರ ಮೇಲೆ ವಯಸ್ಸು. ನನ್ನ ಮುತ್ತಜ್ಜನ ಓರಗೆಯವನು ಇನ್ನೂ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಓದುತ್ತಾ ಕೂತಿದ್ದಾನೆ! ಆ ಮನೆಯವರು ಮನುಷ್ಯರ ರಕ್ತ ಮುಟ್ಟುವುದಿಲ್ಲವೆಂದು ವ್ರತ ಹಿಡಿದಿದ್ದಾರೆ. ಕಾಡಿಗೆ ಹೋಗಿ ಜಿಂಕೆ, ಪ್ಯೂಮಾಗಳ ರಕ್ತ ಕುಡಿದು ಬಂದು ತಮ್ಮನ್ನು ತಾವೇ ‘ಸಸ್ಯಾಹಾರಿಗಳು’ ಎಂದು ತಮಾಷೆಗೆ ಕರೆದುಕೊಳ್ಳುತ್ತಾರೆ.

ಹುರುಳಿಕಾಯಿ ಮುರಿಯುತ್ತಾ ಕಥೆ ಕೇಳುತ್ತಿದ್ದ ನಮ್ಮತ್ತೆಯವರು ಇಲ್ಲಿಗೆ ಬಂದಾಗ ಒಂದು ಮಾತು ಹೇಳಿದರು. “ಅಲ್ವೇ, ದಿನಾ ಜೊತೆಗೆ ಕೂತ್ಕೊಂಡು ಆ ಹುಡುಗ ಒಂದು ತುತ್ತೂ ತಿನ್ನಲ್ಲ ಅಂದ್ರೆ ಅವಳಿಗೆ ಆಗಲೇ ಅನುಮಾನ ಬರಬಾರದಾಗಿತ್ತೇ?”

ಎಡ್ವರ್ಡನಿಗೆ ಬೆಲ್ಲಾಳ ರಕ್ತದ ವಾಸನೆಯೇ ತಡೆಯಲಾರದ ಸೆಳೆತ. ಕೊಲ್ಲಲು ಬಯಸುವವನೂ ಅವನೇ, ಪ್ರೀತಿಸುವವನೂ ಅವನೇ. ಐನೂರು ಪುಟದ ಜೀವ ಇರುವುದು ಈ ಒಂದು ಎಳೆಯಲ್ಲಿ. ಹಿಮದ ಮೇಲೆ ಜಾರಿ ಬಂದ ವ್ಯಾನನ್ನು ಕೈಯಲ್ಲೇ ತಡೆದು ಅವಳನ್ನು ಉಳಿಸುತ್ತಾನೆ. ಪಕ್ಕದ ಊರಿನ ಕತ್ತಲ ಬೀದಿಯಲ್ಲಿ ಪುಂಡರು ಸುತ್ತುವರಿದಾಗ ಕಾರು ತಂದು ನಿಲ್ಲಿಸುತ್ತಾನೆ. ಸಮುದ್ರತೀರದ ಮೂಲನಿವಾಸಿ ಹುಡುಗ ಜೇಕಬ್ ತನ್ನ ಹಿರಿಯರ ಕಥೆ ಹೇಳುವಾಗ ಬೆಲ್ಲಾಳಿಗೆ ಗುಟ್ಟು ತಿಳಿಯುತ್ತದೆ. (ಆ ಕ್ವಿಲ್ಯೂಟ್ ಜನ ನಿಜವಾಗಿಯೂ ಅಲ್ಲಿ ಬಾಳುತ್ತಿರುವವರು. ತಾವು ತೋಳದಿಂದ ಹುಟ್ಟಿದವರೆಂಬ ಕಥೆ ಅವರದೇ. ಪಿಶಾಚಿಗಳೊಡನೆ ಹಗೆತನದ ಭಾಗ ಮಾತ್ರ ಲೇಖಕಿ ಸೇರಿಸಿದ್ದು. ಇನ್ನೊಬ್ಬರ ಕುಲದೇವರ ಕಥೆಗೆ ನಮ್ಮ ಮಸಾಲೆ ಹಾಕುವುದು ನನಗೇನೋ ಸರಿಕಾಣಲಿಲ್ಲ.)

ಇನ್ನು ಬರೆದವರ ವಿಷಯ. ಇದು ನಮಗೆ ಹತ್ತಿರದ್ದು. ಸ್ಟೆಫನಿ ಮೇಯರ್ ಆಗ ಅರಿಜೋನಾ ರಾಜ್ಯದಲ್ಲಿ ಮೂರು ಗಂಡುಮಕ್ಕಳನ್ನು ನೋಡಿಕೊಂಡು ಮನೆ ನಡೆಸುತ್ತಿದ್ದ ಗೃಹಿಣಿ. 2003ರ ಜೂನ್ 2ರಂದು ಬೆಳಗಾಗುವಾಗ ಒಂದು ಕನಸು ಬಿತ್ತಂತೆ. ಕಾಡಿನ ನಡುವೆ ಹುಲ್ಲುಗಾವಲು, ಅಲ್ಲೊಬ್ಬ ಸಾಮಾನ್ಯ ಹುಡುಗಿ, ಎದುರಿಗೆ ಬಿಸಿಲಲ್ಲಿ ಹೊಳೆಯುವ ಪಿಶಾಚಿ, ಇಬ್ಬರ ಮಾತುಕತೆ. ಅದೇ ದಿನ ಮಕ್ಕಳ ಈಜು ತರಗತಿ ಬೇರೆ ಶುರು. ಮಾಡಲೇಬೇಕಾದ ಕೆಲಸ ಮುಗಿಸಿ, ಕನಸು ಮರೆಯುವ ಮೊದಲೇ ಬರೆಯಲು ಕುಳಿತರು. ಆಮೇಲೆ ಹೆಚ್ಚಾಗಿ ಮಕ್ಕಳು ಮಲಗಿದ ಮೇಲೆ ರಾತ್ರಿ ಬರವಣಿಗೆ. ಮೂರೇ ತಿಂಗಳಲ್ಲಿ ಕಾದಂಬರಿ ಮುಗಿಯಿತು. ಫೋರ್ಕ್ಸ್ ಊರನ್ನು ಬರೆಯುವ ಮೊದಲು ಅವರು ಕಣ್ಣಾರೆ ಕಂಡೂ ಇರಲಿಲ್ಲ, ಮಳೆ ಹೆಚ್ಚು ಬೀಳುವ ಊರು ಯಾವುದೆಂದು ಕಂಪ್ಯೂಟರಿನಲ್ಲಿ ಹುಡುಕಿ ಆರಿಸಿಕೊಂಡದ್ದು. ಪ್ರಕಟಣೆಗಾಗಿ 15 ಪತ್ರ ಬರೆದರು. ಹೆಚ್ಚಿನ ಕಡೆಯಿಂದ ಬೇಡವೆಂದು ಬಂತು, ಕೆಲವರು ಉತ್ತರವನ್ನೇ ಬರೆಯಲಿಲ್ಲ. ಒಬ್ಬರು ಒಪ್ಪಿಕೊಂಡರು. 2005ರಲ್ಲಿ ಪುಸ್ತಕ ಬಂತು. 2006, 2007, 2008ರಲ್ಲಿ ಇನ್ನೂ ಮೂರು ಭಾಗ. 2008ರಲ್ಲಿ ಸಿನಿಮಾ. ಎಲ್ಲ ಭಾಗ ಸೇರಿ ಹತ್ತು ಕೋಟಿಗೂ ಮೀರಿ ಪ್ರತಿ ಮಾರಾಟವಾಗಿವೆ. ಡೈರಿಯ ಹಿಂದಿನ ಹಾಳೆಯಲ್ಲಿ ಕಥೆ ಬರೆದು ಮುಚ್ಚಿಟ್ಟಿರುವ ಸೋದರಿಯರೇ, ಕೇಳಿಸಿಕೊಂಡಿರಾ?

ಗೃಹಿಣಿ ಬರೆದದ್ದೆಂಬುದು ಪುಟಪುಟದಲ್ಲೂ ಕಾಣುತ್ತದೆ. ಬೆಲ್ಲಾ ಅಪ್ಪನ ಮನೆಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಅಡುಗೆಮನೆ ಕೈಗೆ ತೆಗೆದುಕೊಳ್ಳುವುದು. ಅಪ್ಪ ಊರಿನ ಪೊಲೀಸ್ ಮುಖ್ಯಸ್ಥ, ಒಲೆ ಹಚ್ಚಲು ಬಾರದವನು. ಸಾಮಾನು ತರುವುದು, ಆಲೂಗಡ್ಡೆ ಬೇಯಲಿಡುವುದು, ಬಟ್ಟೆ ಒಗೆಯುವುದು ಎಲ್ಲ ಈ ಹುಡುಗಿಯೇ. ಪಿಶಾಚಿಯ ಚಿಂತೆಯ ನಡುವೆಯೂ ರಾತ್ರಿಗೇನು ಅಡುಗೆ ಎಂಬ ಚಿಂತೆ ಬಿಟ್ಟಿಲ್ಲ. ಇಷ್ಟು ಭಯಂಕರ ಕಥೆಯಲ್ಲಿ ನಾನು ತಟ್ಟನೆ ನಂಬಿದ್ದು ಇದೊಂದನ್ನು.

ಆದರೆ ಒಂದು ಜಾಗದಲ್ಲಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟುಬಿಟ್ಟೆ. ಎಡ್ವರ್ಡ್ ತಾನಾಗಿಯೇ ಹೇಳಿಕೊಳ್ಳುತ್ತಾನೆ, ಹೆಚ್ಚುಕಡಿಮೆ ದಿನಾ ರಾತ್ರಿ ನಿನ್ನ ಕೋಣೆಗೆ ಬಂದು ನೀನು ಮಲಗಿರುವುದನ್ನು ನೋಡುತ್ತಾ ಕೂರುತ್ತಿದ್ದೆ ಎಂದು. ಸೂರಿನಡಿ ಬೀಗದ ಕೈ ಎಲ್ಲಿ ಇಡುತ್ತಾರೆಂಬುದೂ ಅವನಿಗೆ ಗೊತ್ತು. ನಿದ್ದೆಯಲ್ಲಿ ಅವಳು ಕನವರಿಸುವುದನ್ನೂ ಕೇಳಿಸಿಕೊಂಡಿದ್ದಾನೆ. ಅವಳಿಗೆ ಗೊತ್ತಿಲ್ಲ, ಪಕ್ಕದ ಕೋಣೆಯಲ್ಲಿರುವ ಪೊಲೀಸ್ ಅಪ್ಪನಿಗೂ ಗೊತ್ತಿಲ್ಲ. ಇದನ್ನು ಕೇಳಿದ ಹುಡುಗಿಗೆ ನಾಚಿಕೆಯಾಗುತ್ತದೆ, ಒಳಗೊಳಗೇ ಹಿತವೂ ಆಗುತ್ತದೆ. ಸಿಟ್ಟು ಮಾತ್ರ ಬರುವುದಿಲ್ಲ.

ನಾನು ಚಿಕ್ಕವಳಿದ್ದಾಗ, 1990ರ ದಶಕದಲ್ಲಿ, ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ಸುದ್ದಿ ಹಬ್ಬಿತ್ತು, ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರಾತ್ರಿ ಒಂದು ಹೆಣ್ಣುದೆವ್ವ ಬಂದು, ನಮಗೆ ಬೇಕಾದವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದಂತೆ. ತೆಗೆದರೆ ಕಥೆ ಮುಗಿಯಿತು. ಬಾಗಿಲಲ್ಲಿ ಬರೆದದ್ದನ್ನು ಓದಿಕೊಂಡು ಹಾಗೇ ಹಿಂದಿರುಗುತ್ತದಂತೆ, ಮತ್ತೆ ನಾಳೆ ಬಂದರೂ ಅದೇ ‘ನಾಳೆ ಬಾ’. ನಮ್ಮ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದವಳು ನಾನೇ. ಮೂಲ ರಕ್ತಪಿಶಾಚಿ ಎನ್ನಿಸಿಕೊಂಡ ಡ್ರಾಕುಲಾ, ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದದ್ದು, ಅವನಿಗೂ ಇಂಥದೇ ಕಟ್ಟಳೆ. ಮನೆಯವರಲ್ಲಿ ಯಾರಾದರೂ ಒಳಗೆ ಬಾ ಎಂದು ಕರೆಯುವ ತನಕ ಹೊಸಲು ದಾಟುವ ಹಾಗಿಲ್ಲ. ನೋಡಿ, ನಮ್ಮೂರ ದೆವ್ವಕ್ಕೂ ಆ ಹಳೆಯ ಪಿಶಾಚಿಗೂ ಇದ್ದ ಮರ್ಯಾದೆ ಈ ಚೆಲುವ ಎಡ್ವರ್ಡನಿಗಿಲ್ಲ!

ಕಾದಂಬರಿಯ ಕೊನೆಯಲ್ಲಿ ಇನ್ನೊಬ್ಬ ಪಿಶಾಚಿ, ನಿಜವಾದ ಕೊಲೆಗಡುಕ ಜೇಮ್ಸ್, ಬೆಲ್ಲಾಳನ್ನು ಹಿಡಿಯಲು ಮಾಡುವ ಉಪಾಯ ಯಾವುದು ಗೊತ್ತೇ? ಅವಳ ಅಮ್ಮನ ದನಿ. ಮನೆಯಲ್ಲಿದ್ದ ಹಳೆಯ ವಿಡಿಯೋ ಹಾಕಿ ಅಮ್ಮನ ಕೂಗನ್ನು ಫೋನಿನಲ್ಲಿ ಕೇಳಿಸುತ್ತಾನೆ. ಅಮ್ಮ ಸಿಕ್ಕಿಬಿದ್ದಿದ್ದಾಳೆಂದು ನಂಬಿ ಹುಡುಗಿ ಯಾರಿಗೂ ಹೇಳದೆ ಒಬ್ಬಳೇ ಹೊರಡುತ್ತಾಳೆ. ಇದನ್ನು ಓದುವಾಗ ನನ್ನ ಕೈ ತಣ್ಣಗಾಯಿತು. ಮುಂದೇನಾಯಿತೆಂದು ಹೇಳುವುದಿಲ್ಲ, ಓದುವವರು ಓದಿಕೊಳ್ಳಿ.

ಕಿಟಕಿಯ ವಿಷಯ ನನಗೇಕೆ ಅಷ್ಟು ಚುಚ್ಚಿತೆಂದು ಹೇಳಬೇಕು. ಬೆಲ್ಲಾಳ ವಯಸ್ಸಿನಲ್ಲಿ ನಾನು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಬಸ್‌ಸ್ಟ್ಯಾಂಡಿನಿಂದ ಕ್ಲಾಸಿನವರೆಗೆ ಒಬ್ಬ ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದ. ಒಂದು ಮಾತಿಲ್ಲ, ಕೆಟ್ಟದಾಗಿ ನಡೆದುಕೊಂಡದ್ದೂ ಇಲ್ಲ. ಕ್ಲಾಸು ಮುಗಿಯುವ ತನಕ ಎದುರಿನ ಅಂಗಡಿಯ ಕಟ್ಟೆಯಲ್ಲಿ ಕೂತಿರುತ್ತಿದ್ದ. ಆರು ತಿಂಗಳು ಹೀಗೆ. ಗೆಳತಿಯರು “ಎಷ್ಟು ಪ್ರೀತಿ ನೋಡೇ, ಮಳೇಲೂ ನಿಂತಿರ್ತಾನೆ” ಎಂದು ನಗುತ್ತಿದ್ದರು. ಅಂದಿನ ಸಿನಿಮಾಗಳಲ್ಲೂ ಹಾಗೆ ಬೆನ್ನು ಬಿದ್ದವನೇ ನಾಯಕ ತಾನೆ? ನನಗೆ ಮಾತ್ರ ಅಕ್ಷರದ ಮೇಲೆ ಬೆರಳು ನಿಲ್ಲುತ್ತಿರಲಿಲ್ಲ. ಅಪ್ಪನಿಗೆ ಹೇಳಿದರೆ ಕ್ಲಾಸು ಬಿಡಿಸುತ್ತಾರೆಂದು ಹೇಳಲಿಲ್ಲ. ಕೊನೆಗೆ ನಾನೇ ಬಿಟ್ಟೆ. ಪರೀಕ್ಷೆಗೆ ಹದಿನೈದು ದಿನ ಇತ್ತು.

ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಮಗಳೇ ಕೇಳಿದಳು, “ಎಲ್ಲಿವರೆಗೆ ಬಂದೆಯಮ್ಮ?” ಎಲ್ಲಿಗೆ ಬಂದು ನಿಂತೆನೆಂದು ಹೇಳಿದೆ, ಏಕೆ ನಿಂತೆನೆಂಬುದನ್ನೂ ಹೇಳಿದೆ. ಟೈಪಿಂಗ್ ಕ್ಲಾಸಿನ ಈ ಕಥೆಯನ್ನು ಅವಳಿಗೆ ಹಿಂದೆಂದೂ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆದ್ರೆ ಎಡ್ವರ್ಡ್ ಹಾಗಲ್ಲಮ್ಮ. ಬೆಲ್ಲಾಗೆ ಅವನು ಇಷ್ಟ ಇದ್ದನಲ್ಲ.”

“ಮೊದಲ ರಾತ್ರಿ ಒಳಗೆ ಬಂದಾಗ ಅವನಿಗೆ ಅದು ಗೊತ್ತಿತ್ತೇನೆ?”

ಅದಕ್ಕೆ ಉತ್ತರ ಹೇಳಲಿಲ್ಲ. ಬೇರೆ ಏನೋ ಹೇಳಿದಳು. “ನೀನು ಮುಂದೆ ಓದಮ್ಮ. ಅವನು ಅವಳನ್ನ ಪ್ರಶ್ನೆ ಕೇಳೋದು ಬರುತ್ತೆ. ನಮ್ಗೆಲ್ಲ ಇಷ್ಟ ಆಗೋದು ಅದು. ಹೊಳೆಯೋದಲ್ಲ.”

ನಿಜಕ್ಕೂ ಆ ಭಾಗವನ್ನು ನಾನು ಆಗಲೇ ಓದಿದ್ದೆ, ಗಮನಿಸಿರಲಿಲ್ಲ ಅಷ್ಟೇ. ತಿರುಗಿ ಓದಿದೆ. ಒಂದು ಇಡೀ ದಿನ ಎಡ್ವರ್ಡ್ ಬೆಲ್ಲಾಳನ್ನು ಕೇಳುತ್ತಲೇ ಇರುತ್ತಾನೆ. ಯಾವ ಬಣ್ಣ ಇಷ್ಟ, ಯಾವ ಹರಳು ಇಷ್ಟ, ಯಾವ ಸಿನಿಮಾ, ಯಾವ ಪುಸ್ತಕ, ಬಿಟ್ಟು ಬಂದ ಊರಿನಲ್ಲಿ ಏನು ನೆನಪಾಗುತ್ತದೆ. ಅವಳು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಾನೆ. ಕಂದು ಬಣ್ಣ ಇಷ್ಟ ಎಂದರೆ ಏಕೆ ಎಂದು ಕೇಳುತ್ತಾನೆ. ಇಲ್ಲಿ ಕಂದು ಇರಬೇಕಾದ ಮಣ್ಣು, ಕಲ್ಲು, ಮರದ ಕಾಂಡ ಎಲ್ಲವನ್ನೂ ಹಸಿರು ಮುಚ್ಚಿಬಿಟ್ಟಿದೆ ಎಂದು ಆ ಹುಡುಗಿ ದೂರುತ್ತಾಳೆ. ಎಂಥ ಸಣ್ಣ ಮಾತು! ಅದನ್ನೂ ಕೇಳುವವನೊಬ್ಬ ಇದ್ದಾನೆ.

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ. ಇವರಿಗೆ ಹುಳಿಯಲ್ಲಿ ಹುಣಸೆ ಕಡಿಮೆ ಇರಬೇಕು, ಅತ್ತೆಗೆ ಮೆಣಸು ಮುಂದಾಗಿರಬೇಕು, ಮಗಳಿಗೆ ತೊಂಡೆಕಾಯಿ ಆಗದು, ನನಗೆ ಎಲ್ಲ ಬಾಯಿಪಾಠ. ನನಗೆ ಯಾವ ಬಣ್ಣ ಇಷ್ಟ? ಮದುವೆಯಲ್ಲಿ ಉಟ್ಟದ್ದು ಹಸಿರು ಸೀರೆಯೆಂದು ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಹಸಿರೇ ತಂದುಕೊಡುತ್ತಾರೆ. ಕೆಟ್ಟವರೇನಲ್ಲ, ಪ್ರೀತಿಯಿಂದಲೇ ತರುತ್ತಾರೆ. ಕೇಳಿಲ್ಲ ಅಷ್ಟೇ. ನಾನೂ ಹೇಳಿಲ್ಲ. ತಿಳಿ ಹಳದಿ. ಸೇವಂತಿಗೆಯದಲ್ಲ, ಹಲಸಿನ ತೊಳೆಯದು.

ಹಾಗಾದರೆ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ? ಪಕ್ಕದ ಮನೆಯವರು ಹೀಗೇ ಕೇಳಿದರು, ಅವರ ಮಗಳೂ ಓದುತ್ತಿದ್ದಾಳಂತೆ. ಭಾಷೆ ಸರಳ, ಕೆಲವೆಡೆ ಅತಿ. ಅವನ ಚೆಲುವಿನ ವರ್ಣನೆ ಎಷ್ಟು ಸಲ ಬರುತ್ತದೆಂದರೆ ನಾನು ಅಲ್ಲೆಲ್ಲ ಪುಟ ಹಾರಿಸಿದೆ. ಅಸಭ್ಯವೆನ್ನುವಂಥದ್ದು ಈ ಭಾಗದಲ್ಲಿ ಒಂದು ಸಾಲೂ ಇಲ್ಲ, ಅಮ್ಮಂದಿರು ಆ ಭಯ ಬಿಡಬಹುದು. ನನ್ನ ಜಗಳ ಬೇರೆ. ಹುಡುಗಿಯರಿಗೆ ಬೇಕಿರುವುದು ತಮ್ಮ ಮಾತು ಕೇಳುವವನು. ಅದನ್ನು ಲೇಖಕಿ ಸರಿಯಾಗಿ ಹಿಡಿದಿದ್ದಾರೆ, ಹತ್ತು ಕೋಟಿ ಪ್ರತಿ ಸುಮ್ಮನೆ ಮಾರಾಟವಾಗಲಿಲ್ಲ. ಆದರೆ ಅದೇ ಪೊಟ್ಟಣದಲ್ಲಿ ಹಿಂಬಾಲಿಸುವುದನ್ನೂ, ಕೇಳದೆ ಒಳಗೆ ಬರುವುದನ್ನೂ ಸೇರಿಸಿ ಕಟ್ಟಿ, ಎರಡಕ್ಕೂ ಪ್ರೀತಿ ಎಂದೇ ಚೀಟಿ ಅಂಟಿಸಿದ್ದಾರೆ. ಬೆಲ್ಲಾಳನ್ನು ಸದಾ ಯಾರಾದರೂ ಉಳಿಸುತ್ತಲೇ ಇರಬೇಕೇ ಎಂದು ಅವರ ದೇಶದಲ್ಲೂ ಬಹಳ ಮಂದಿ ಟೀಕಿಸಿದರು. 2015ರಲ್ಲಿ ಮೇಯರ್ ಅದಕ್ಕೆ ಉತ್ತರವಾಗಿ ಇದೇ ಕಥೆಯನ್ನು ಹೆಣ್ಣು ಪಿಶಾಚಿ, ಗಂಡು ಹುಡುಗ ಎಂದು ತಿರುಗಿಸಿ ಬರೆದರು. ತಿರುಗಿಸಿದ ಮಾತ್ರಕ್ಕೆ ಸರಿಹೋಗುತ್ತದೆಯೇ? ಮಲಗಿದ ಹುಡುಗನನ್ನು ಹುಡುಗಿ ಕದ್ದು ನೋಡಿದರೂ ಕದ್ದು ನೋಡಿದ್ದೇ.

ಮೊನ್ನೆ ರಾತ್ರಿ ಪಾತ್ರೆ ಒರೆಸಿ ಜೋಡಿಸುತ್ತಿದ್ದೆ. ಮಗಳು ಬಂದು ಬಾಗಿಲಿಗೆ ಒರಗಿದಳು.

“ಅಮ್ಮ, ಮೂರನೇ ಭಾಗದಲ್ಲಿ ಎಡ್ವರ್ಡ್ ಒಂದ್ಸಲ ಬೆಲ್ಲಾ ಗಾಡಿ ಎಂಜಿನ್ನಿನದು ಏನೋ ಬಿಚ್ಚಿಟ್ಟುಬಿಡ್ತಾನೆ. ಅವಳು ಜೇಕಬ್‌ನ ನೋಡೋಕೆ ಹೋಗಬಾರದು ಅಂತ.”

“ಹೂಂ.”

“ನಮ್ಮ ಕ್ಲಾಸಲ್ಲಿ ಒಬ್ಬಳಿದಾಳೆ. ಅವಳ ಫೋನು ದಿನಾ ಸಂಜೆ ಅವನು ತಗೊಂಡು ನೋಡ್ತಾನೆ. ಎಲ್ಲಿದೀಯ, ಯಾರ ಜೊತೆ ಇದೀಯ ಅಂತ ಗಂಟೆಗೊಂದು ಮೆಸೇಜು. ಎಷ್ಟು ಕಾಳಜಿ ನೋಡು ಅಂತಾಳೆ ಅವಳು.”

“ನೀನೇನಂದೆ?”

“ನಾನೂ ಹೌದು ಅಂತಿದ್ದೆ.” ಸ್ವಲ್ಪ ತಡೆದು, “ನೀನು ಟೈಪಿಂಗ್ ಮತ್ತೆ ಕಲೀಲೇ ಇಲ್ವಾ ಅಮ್ಮ?” ಎಂದಳು.

ಕಲಿಯಲಿಲ್ಲ. ಈ ಲೇಖನವನ್ನು ನಾನು ಕೈಯಲ್ಲಿ ಬರೆದುಕೊಟ್ಟೆ, ಅವಳು ಟೈಪ್ ಮಾಡಿದಳು. ಹಲಸಿನ ತೊಳೆಯ ಸಾಲು ಬಂದಾಗ ಒಂದು ಸಲ ತಲೆಯೆತ್ತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಎರಡನೆಯ ಭಾಗ ಈಗ ನನ್ನ ದಿಂಬಿನ ಕೆಳಗಿದೆ. ಅದರಲ್ಲಿ ಎಡ್ವರ್ಡ್ ಬೆಲ್ಲಾಳ ಒಳ್ಳೆಯದಕ್ಕೆಂದೇ ಅವಳನ್ನು ಬಿಟ್ಟು ಹೊರಟುಹೋಗುತ್ತಾನೆ. ಆಮೇಲೆ ಕೆಲವು ಪುಟ ಖಾಲಿ, ಒಂದೊಂದರ ಮೇಲೆ ಒಂದೊಂದು ತಿಂಗಳ ಹೆಸರು ಮಾತ್ರ. ಹುಡುಗಿಗೆ ಆ ತಿಂಗಳುಗಳಲ್ಲಿ ಬದುಕೇ ಇರಲಿಲ್ಲವೆಂದು ಅರ್ಥ. ಆ ಖಾಲಿ ಪುಟಗಳ ಮುಂದೆ ನಾನೂ ಒಂದು ನಿಮಿಷ ನಿಂತೆ. ಅವನು ತಿರುಗಿ ಬಂದೇ ಬರುತ್ತಾನೆ, ನೋಡ್ತಿರು ಎಂದು ಮಗಳ ಭರವಸೆ. ಬಾರದಿದ್ದರೇ ಚೆನ್ನಾಗಿತ್ತು, ಆ ಹುಡುಗಿ ಹಾಯಾಗಿ ಕಾಲೇಜು ಸೇರಬಹುದಿತ್ತು ಎಂದು ನಾನು. ಅತ್ತೆಯವರು ಮಾತ್ರ, ಬರಲಿ ಬಿಡೇ, ಈ ಸಲ ಊಟ ಮಾಡ್ತಾನೋ ನೋಡೋಣ ಅನ್ನುತ್ತಾರೆ.